ಬಡತನವನ್ನು ಸಾಬೀತುಪಡಿಸುವ ಹೊಣೆ ಯಾರದು? ರದ್ದಾದ ಒಂದು ಪಡಿತರ ಚೀಟಿಯಿಂದ ಎದ್ದ ಪ್ರಶ್ನೆ

ಬೇವಿನಮರ:

ನಾನು ಮಧ್ಯ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರದಲ್ಲಿ ಪದವಿಪೂರ್ವ ಕಾಲೇಜಿನ ಅರ್ಥಶಾಸ್ತ್ರ ಉಪನ್ಯಾಸಕ. ಬಡತನ ರೇಖೆಯ ಪಾಠವನ್ನು ಹದಿನಾರು ವರ್ಷಗಳಿಂದ ಮಾಡುತ್ತಿದ್ದೇನೆ. 1979ರ ಅಲಘ್ ಕಾರ್ಯಪಡೆ ಹಳ್ಳಿಗೆ 2,400, ಪಟ್ಟಣಕ್ಕೆ 2,100 ಕ್ಯಾಲೊರಿ ಎಂದು ಗೊತ್ತುಮಾಡಿದ್ದು, ತೆಂಡೂಲ್ಕರ್ ಸಮಿತಿಯ ವಿಧಾನದಂತೆ 2011-12ರಲ್ಲಿ ತಲಾ ಮಾಸಿಕ ವೆಚ್ಚ ಹಳ್ಳಿಯಲ್ಲಿ 816, ಪಟ್ಟಣದಲ್ಲಿ 1,000 ರೂಪಾಯಿಗಿಂತ ಕಡಿಮೆ ಇದ್ದವರನ್ನು ಬಡವರೆಂದು ಎಣಿಸಿದ್ದು, ಅದಕ್ಕೆ ಟೀಕೆ ಬಂದ ಮೇಲೆ ರಂಗರಾಜನ್ ಸಮಿತಿ 2014ರಲ್ಲಿ ಆ ಗೆರೆಯನ್ನು 972 ಮತ್ತು 1,407ಕ್ಕೆ ಎತ್ತಿದ ಕೂಡಲೇ ಅದೇ ದೇಶದ, ಅದೇ ವರ್ಷದ ಬಡವರ ಪ್ರಮಾಣ ಶೇ 21.9ರಿಂದ ಶೇ 29.5ಕ್ಕೆ ಏರಿದ್ದು, ಇವೆಲ್ಲ ನಮ್ಮ ವಿದ್ಯಾರ್ಥಿಗಳಿಗೆ ಬಾಯಿಪಾಠ. ಆದರೆ ಈ ಗೆರೆ ಒಂದು ಮನೆಯ ಹೊಸ್ತಿಲ ಮೇಲೆ ಹೇಗೆ ಹಾದುಹೋಗುತ್ತದೆ ಎಂಬುದನ್ನು ಕಣ್ಣಾರೆ ಕಂಡದ್ದು ಕಳೆದ ತಿಂಗಳು.

ನಮ್ಮ ಎದುರು ಮನೆಯಲ್ಲಿ ಐವತ್ತೆಂಟು ವರ್ಷದ ವಿಧವೆಯೊಬ್ಬರು, ಅವರ ಮಗ, ಸೊಸೆ ಮತ್ತು ಮೂರು ವರ್ಷದ ಮೊಮ್ಮಗಳು ಇದ್ದಾರೆ. ತಾಯಿ ಹೂ ಕಟ್ಟಿ ಮಾರುತ್ತಾರೆ. ಮಗ ಎರಡು ವರ್ಷದ ಹಿಂದೆ ಸಾಲ ಮಾಡಿ ಲಗೇಜ್ ಆಟೊ ಕೊಂಡ. ಸಾಲ ಕೊಡುವವರು ಎರಡು ವರ್ಷದ ಐಟಿ ರಿಟರ್ನ್ ತರಲು ಹೇಳಿದರು. ಬಸ್ ನಿಲ್ದಾಣದ ಎದುರಿನ ಸೈಬರ್ ಅಂಗಡಿಯವನು 1,500 ರೂಪಾಯಿ ಇಸಿದುಕೊಂಡು, ವರ್ಷಕ್ಕೆ 3,40,000 ರೂಪಾಯಿ ಆದಾಯವೆಂದು ತೋರಿಸಿ ಎರಡನ್ನೂ ಸಲ್ಲಿಸಿಕೊಟ್ಟ. ಕಟ್ಟಬೇಕಾದ ತೆರಿಗೆ ಸೊನ್ನೆ. ಡೀಸೆಲ್, ಕಂತು, ಟೈರು ಕಳೆದರೆ ಆ ಹುಡುಗನ ಕೈಗೆ ಉಳಿಯುವುದು ಅದರ ಅರ್ಧವೂ ಇಲ್ಲವೆಂಬುದು ಬೀದಿಗೆಲ್ಲ ಗೊತ್ತು.

ಕಳೆದ ತಿಂಗಳು ತಾಯಿ ನ್ಯಾಯಬೆಲೆ ಅಂಗಡಿಗೆ ಹೋಗಿ ಹೆಬ್ಬೆಟ್ಟು ಒತ್ತಿದಾಗ ಯಂತ್ರ ರಸೀದಿ ಕೊಡಲಿಲ್ಲ. ಅಂಗಡಿಯವರು ಪರದೆಯನ್ನು ಅವರತ್ತ ತಿರುಗಿಸಿ, "ನಿಮ್ಮ ಕಾರ್ಡು ಎಪಿಎಲ್ ಆಗಿದೆ ಅಮ್ಮ, ನನ್ನ ಕೈಯಲ್ಲಿ ಏನಿಲ್ಲ" ಎಂದರಂತೆ. ಆ ತಾಯಿಗೆ ಓದು ಬಾರದು. ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು ಸೀದಾ ನಮ್ಮ ಮನೆಗೆ ಬಂದರು. ಕಚೇರಿಯಲ್ಲಿ ವಿಚಾರಿಸಿದರೆ ಪಟ್ಟಿ ಮೇಲಿನಿಂದ ಬಂದಿದೆ ಎಂಬ ಉತ್ತರ ಸಿಕ್ಕಿತೇ ಹೊರತು ಲಿಖಿತ ಆದೇಶ ಸಿಗಲಿಲ್ಲ. ವಿಚಿತ್ರವೆಂದರೆ ಅವರ ಗೃಹಲಕ್ಷ್ಮಿಯ 2,000 ರೂಪಾಯಿ ನಿಂತಿಲ್ಲ. ಆ ಯೋಜನೆಯಲ್ಲಿ ಯಜಮಾನಿ ಅಥವಾ ಆಕೆಯ ಪತಿ ತೆರಿಗೆ ಕಟ್ಟುತ್ತಾರೆಯೇ ಎಂದು ನೋಡುತ್ತಾರೆ, ಮಗನನ್ನು ನೋಡುವುದಿಲ್ಲ. ಒಂದೇ ಸರ್ಕಾರದ ಒಂದು ಇಲಾಖೆಗೆ ಬೇಡವಾದವರು ಇನ್ನೊಂದು ಇಲಾಖೆಗೆ ಅರ್ಹರು.

ನನ್ನ ಪ್ರಶ್ನೆ ಆ ಕಚೇರಿಯ ಬಗ್ಗೆ ಅಲ್ಲ. ಬಡವರನ್ನು ಹುಡುಕಿ ಅವರಿಗೆ ಮಾತ್ರ ಕೊಡುವ ಪದ್ಧತಿಯೇ ನ್ಯಾಯವೆಂದು ಇಷ್ಟು ವರ್ಷ ತರಗತಿಯಲ್ಲಿ ಹೇಳುತ್ತಾ ಬಂದಿದ್ದೇನೆ; ಉಳ್ಳವರಿಗೇಕೆ ಸರ್ಕಾರದ ಅಕ್ಕಿ ಎಂಬುದು ಮೇಲ್ನೋಟಕ್ಕೆ ಸರಿಯಾದ ವಾದವೇ. ಆದರೆ ಹುಡುಕುವ ಕೆಲಸವೇ ಇಷ್ಟು ಒರಟಾಗಿದ್ದರೆ, ಎಲ್ಲರಿಗೂ ಕೊಟ್ಟು ಉಳ್ಳವರಿಂದ ಬೇರೆ ದಾರಿಯಲ್ಲಿ ವಾಪಸು ಪಡೆಯುವುದು ಹೆಚ್ಚು ಸರಿಯಲ್ಲವೇ? ಈ ವ್ಯವಸ್ಥೆಯನ್ನು ಒಳಗಿನಿಂದ ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.


ಹಳೇ ನಿರೀಕ್ಷಕ:

ಉಪನ್ಯಾಸಕರೇ, ನಾನು ಮೂವತ್ತೊಂದು ವರ್ಷ ಪಡಿತರದ ಕೆಲಸದಲ್ಲೇ ಇದ್ದು ನಿವೃತ್ತನಾದವನು. ಚೀಟಿ ಕೊಟ್ಟಿದ್ದೇನೆ, ರದ್ದೂ ಮಾಡಿದ್ದೇನೆ. ಆದ್ದರಿಂದ ಇದನ್ನು ಸ್ವಲ್ಪ ಸಂಕೋಚದಿಂದಲೇ ಬರೆಯುತ್ತಿದ್ದೇನೆ.

1997ರ ಜೂನ್‌ವರೆಗೆ ನಮ್ಮಲ್ಲಿ ಪಡಿತರ ಎಲ್ಲರಿಗೂ ಇತ್ತು. ಆ ವರ್ಷ ಕೇಂದ್ರ ಸರ್ಕಾರ ಉದ್ದೇಶಿತ ಪಡಿತರ ಪದ್ಧತಿ ತಂದಾಗ ದೇಶದ ಕುಟುಂಬಗಳು ಬಿಪಿಎಲ್ ಮತ್ತು ಎಪಿಎಲ್ ಎಂದು ಎರಡು ಭಾಗವಾದವು. ತಮಿಳುನಾಡು ಮಾತ್ರ ಈ ವಿಂಗಡಣೆಗೆ ಒಪ್ಪದೆ ಎಲ್ಲರಿಗೂ ಕೊಡುವುದನ್ನು ಮುಂದುವರಿಸಿತು. ಅಲ್ಲಿ ಅಕ್ಕಿ ಬೇಡವಾದವರು ಸಕ್ಕರೆ ಕಾರ್ಡನ್ನು ತಾವಾಗಿಯೇ ಆರಿಸಿಕೊಳ್ಳಬಹುದು. ನಾನು ಸೇವೆಯಲ್ಲಿದ್ದಾಗ ಹೊಸೂರಿನ ಕಡೆಯ ಒಬ್ಬ ಸಹೋದ್ಯೋಗಿಯೊಡನೆ ಮಾತನಾಡುತ್ತಾ, ನಿಮ್ಮಲ್ಲಿ ಸುಳ್ಳು ಕಾರ್ಡಿನ ತಪಾಸಣೆ ಹೇಗೆ ಎಂದು ಕೇಳಿದ್ದೆ. ಆದಾಯವನ್ನೇ ಕೇಳದ ಮೇಲೆ ಆದಾಯದ ಸುಳ್ಳು ಎಲ್ಲಿಂದ ಬರುತ್ತದೆ ಎಂದು ಅವರು ನಕ್ಕಿದ್ದರು.

ಈಗ ನಿಮ್ಮ ಎದುರು ಮನೆಯವರ ವಿಷಯ. ನಮ್ಮ ರಾಜ್ಯದಲ್ಲಿ ಆದ್ಯತಾ ಚೀಟಿಗೆ, ಅಂದರೆ ಜನ ಬಿಪಿಎಲ್ ಎನ್ನುವ ಚೀಟಿಗೆ, ಕುಟುಂಬದ ವಾರ್ಷಿಕ ಆದಾಯದ ಮಿತಿ 1,20,000 ರೂಪಾಯಿ. ಇದರ ಜೊತೆಗೆ ಮೂರು ಹೆಕ್ಟೇರ್ ಒಣಭೂಮಿ, ಪಟ್ಟಣದಲ್ಲಿ 1,000 ಚದರ ಅಡಿಯ ಪಕ್ಕಾ ಮನೆ, ಸ್ವಂತ ಬಳಕೆಯ ನಾಲ್ಕು ಚಕ್ರದ ವಾಹನ ಮುಂತಾದ ಹೊರಗಿಡುವ ಮಾನದಂಡಗಳಿವೆ. ದುಡಿಮೆಗೆ ಇಟ್ಟುಕೊಂಡ ಹಳದಿ ಬೋರ್ಡಿನ ವಾಹನ ಇದರಲ್ಲಿ ಬರುವುದಿಲ್ಲ, ಆದ್ದರಿಂದ ಆ ಹುಡುಗನ ಆಟೊ ತೊಂದರೆ ಕೊಟ್ಟಿಲ್ಲ, ಅವನ ರಿಟರ್ನ್ ಕೊಟ್ಟಿದೆ. ಆದರೆ 1,20,000 ಎಂದರೆ ಎಷ್ಟು ಎಂಬುದನ್ನು ಒಮ್ಮೆ ಲೆಕ್ಕ ಹಾಕಿ ನೋಡಿ. ದಿನಕ್ಕೆ 500 ರೂಪಾಯಿಯ ಕೂಲಿಗೆ ತಿಂಗಳಲ್ಲಿ 25 ದಿನ ಹೋಗುವ ಒಬ್ಬನೇ ಆಳು ವರ್ಷಕ್ಕೆ 1,50,000 ದುಡಿಯುತ್ತಾನೆ. ಗಂಡ ಹೆಂಡತಿ ಇಬ್ಬರೂ ದುಡಿದರೆ ಕೇಳುವುದೇ ಬೇಡ. ಅಂದರೆ ನೆಟ್ಟಗೆ ಕೆಲಸ ಸಿಗುವ ಯಾವ ಕೂಲಿ ಕುಟುಂಬವೂ ಕಾಗದದ ಪ್ರಕಾರ ಈ ಚೀಟಿಗೆ ಅರ್ಹವಲ್ಲ. ಹಾಗಿದ್ದೂ ಅವರ ಬಳಿ ಚೀಟಿ ಇದೆ, ಏಕೆಂದರೆ ಅವರ ಆದಾಯ ಎಲ್ಲಿಯೂ ದಾಖಲಾಗುವುದಿಲ್ಲ ಮತ್ತು ಆದಾಯ ಪ್ರಮಾಣಪತ್ರದಲ್ಲಿ ಮಿತಿಗಿಂತ ಕೆಳಗಿನ ಒಂದು ಅಂಕಿ ಬರೆಯುವುದು ಎಲ್ಲರಿಗೂ ಒಪ್ಪಿತವಾದ ಸಂಪ್ರದಾಯ.

ಇದರ ಅಪಾಯ ಸೂಕ್ಷ್ಮವಾದದ್ದು. ನಿಯಮವನ್ನು ಅಕ್ಷರಶಃ ಹಿಡಿದರೆ ಹೆಚ್ಚುಕಡಿಮೆ ಎಲ್ಲರೂ ತಪ್ಪಿತಸ್ಥರಾಗುವಂತೆ ಗೆರೆ ಎಳೆದಿದ್ದರೆ, ಯಾರ ಚೀಟಿ ಉಳಿಯಬೇಕು, ಯಾರದು ಹೋಗಬೇಕು ಎಂಬುದು ಬಡತನದ ಮೇಲೆ ನಿಲ್ಲುವುದಿಲ್ಲ. ಯಾರ ಆದಾಯ ಕಂಪ್ಯೂಟರಿಗೆ ಕಾಣುತ್ತದೆ ಎಂಬುದರ ಮೇಲೆ ನಿಲ್ಲುತ್ತದೆ. ರಿಟರ್ನ್ ಸಲ್ಲಿಸಿದ ಆಟೊ ಚಾಲಕ ಕಾಣುತ್ತಾನೆ. ಬಡ್ಡಿಗೆ ದುಡ್ಡು ಬಿಡುವವನು ಕಾಣುವುದಿಲ್ಲ. ನನ್ನ ಕಾಲದಲ್ಲಿ ಈ ಕೆಲಸವನ್ನು ನಿರೀಕ್ಷಕನ ಕಣ್ಣು ಮಾಡುತ್ತಿತ್ತು, ಅದರಲ್ಲಿ ಪಕ್ಷಪಾತವಿತ್ತು, ಒಪ್ಪುತ್ತೇನೆ. ಆದರೆ ಮನೆಯೊಳಗೆ ಕಾಲಿಟ್ಟರೆ ಒಲೆಯ ಮುಂದಿನ ಸ್ಥಿತಿ ತಿಳಿಯುತ್ತಿತ್ತು.

ಇನ್ನೊಂದು ಮಾತು. ಆ ತಾಯಿ ಕಳೆದುಕೊಂಡದ್ದು ಅಕ್ಕಿಯನ್ನು ಮಾತ್ರ ಎಂದು ತಿಳಿಯಬೇಡಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ರಕ್ಷಣೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30ರಷ್ಟನ್ನು ಮಾತ್ರ ಸರ್ಕಾರ ಭರಿಸುತ್ತದೆ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಅಕ್ಕಿಗಾಗಿ ಮಾಡಿದ ಚೀಟಿಯ ಕೊಕ್ಕೆಗೆ ಆಸ್ಪತ್ರೆಯನ್ನೂ ಶುಲ್ಕ ವಿನಾಯಿತಿಯನ್ನೂ ನೇತುಹಾಕಿದ್ದರಿಂದ ಆ ಕೊಕ್ಕೆ ಕಳಚಿದಾಗ ಎಲ್ಲವೂ ಒಟ್ಟಿಗೆ ಕೆಳಗೆ ಬೀಳುತ್ತವೆ. ಜನ ಚೀಟಿಗೆ ಅಷ್ಟು ಹಟ ಹಿಡಿಯುವುದು ಅಕ್ಕಿಯ ಆಸೆಯಿಂದ ಎಂದು ಹಲವರು ಭಾವಿಸಿದ್ದಾರೆ. ನಾನು ಕಂಡಂತೆ ಅದು ಹೆಚ್ಚಾಗಿ ಆಸ್ಪತ್ರೆಯ ಭಯ.


ಲೆಕ್ಕಿಗ:

ಹಿರಿಯರ ಅನುಭವವನ್ನು ಗೌರವಿಸುತ್ತಲೇ ನನ್ನ ಭಿನ್ನಾಭಿಪ್ರಾಯವನ್ನು ದಾಖಲಿಸುತ್ತೇನೆ. ನಾನು ವೃತ್ತಿಯಿಂದ ಲೆಕ್ಕಪರಿಶೋಧಕ. ಎಲ್ಲರಿಗೂ ಕೊಡಿ ಎಂಬುದು ಕೇಳಲು ಉದಾರವಾಗಿದೆ, ಆದರೆ ಅದರ ಬಿಲ್ಲನ್ನು ಯಾರಾದರೂ ಕಟ್ಟಲೇಬೇಕು.

2025-26ರ ರಾಜ್ಯ ಬಜೆಟ್ಟಿನ ಗಾತ್ರ 4,09,549 ಕೋಟಿ ರೂಪಾಯಿ. ಅದರಲ್ಲಿ ಐದು ಗ್ಯಾರಂಟಿ ಯೋಜನೆಗಳಿಗೆ ಇಟ್ಟಿದ್ದು 51,034 ಕೋಟಿ. ಎಂಟು ರೂಪಾಯಿಯಲ್ಲಿ ಒಂದು ರೂಪಾಯಿ ಎಂದು ಸ್ಥೂಲವಾಗಿ ಹೇಳಬಹುದು. ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗಿನ ವಿದ್ಯುತ್ ಉಚಿತ, ಆದಾಯ ಎಷ್ಟೆಂದು ಕೇಳುವುದಿಲ್ಲ. ಬೆಂಗಳೂರಿನಲ್ಲಿ ಎರಡು ಸಂಬಳ ಬರುವ ನನ್ನ ಮನೆಗೂ ಅದು ಬರುತ್ತಿದೆ. ನನ್ನ ಮನೆಯ ಫ್ರಿಜ್ಜಿಗೆ ಖರ್ಚಾಗುವ ಆ ಹಣದಲ್ಲಿ ಒಂದು ಅಂಗನವಾಡಿಗೆ ಸೂರು ಹಾಕಬಹುದಿತ್ತಲ್ಲವೇ? ಯುರೋಪಿನ ಉದಾಹರಣೆ ಕೊಡುವವರು ಅಲ್ಲಿನ ತೆರಿಗೆಯನ್ನು ಮರೆಯುತ್ತಾರೆ. ಸ್ವೀಡನ್, ಡೆನ್ಮಾರ್ಕ್‌ಗಳಲ್ಲಿ ತೆರಿಗೆ ಸಂಗ್ರಹ ಜಿಡಿಪಿಯ ಶೇ 40ಕ್ಕಿಂತ ಹೆಚ್ಚು, ಸರಕುಗಳ ಮೇಲಿನ ವ್ಯಾಟ್ ಶೇ 25. ನಮ್ಮಲ್ಲಿ ಕೇಂದ್ರ ಮತ್ತು ರಾಜ್ಯಗಳ ತೆರಿಗೆ ಎರಡನ್ನೂ ಕೂಡಿಸಿದರೂ ಐದನೇ ಒಂದು ಭಾಗ ಮುಟ್ಟುವುದಿಲ್ಲ. ಕೃಷಿ ಆದಾಯಕ್ಕೆ ಆದಾಯ ತೆರಿಗೆಯೇ ಇಲ್ಲ. ರಿಟರ್ನ್ ಸಲ್ಲಿಸುವವರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿ ಒಂದು ರೂಪಾಯಿಯನ್ನೂ ಕಟ್ಟುವುದಿಲ್ಲ. ಹೀಗಿರುವಾಗ ಉಪನ್ಯಾಸಕರು ಹೇಳುವ "ಬೇರೆ ದಾರಿಯಲ್ಲಿ ವಾಪಸು ಪಡೆಯುವ" ಆ ದಾರಿ ಯಾವುದು?

ಗುರುತಿಸಿ ಕೊಡುವ ಪದ್ಧತಿ ಎಲ್ಲ ಕಡೆ ಸೋತಿಲ್ಲ ಎಂಬುದನ್ನೂ ನೆನಪಿಸುತ್ತೇನೆ. ಬ್ರೆಜಿಲ್ 2003ರಲ್ಲಿ ಆರಂಭಿಸಿದ ಬೋಲ್ಸಾ ಫಮಿಲಿಯಾ ಯೋಜನೆ ಬಡ ಕುಟುಂಬಗಳಿಗೆ ಮಾತ್ರ ಹಣ ಕೊಟ್ಟಿತು, ಮಕ್ಕಳು ಶಾಲೆಗೆ ಹೋಗಬೇಕು ಮತ್ತು ಲಸಿಕೆ ಹಾಕಿಸಬೇಕು ಎಂಬ ಷರತ್ತನ್ನೂ ಇಟ್ಟಿತು. ಜಿಡಿಪಿಯ ಸುಮಾರು ಅರ್ಧ ಶೇಕಡಾದಷ್ಟು ವೆಚ್ಚದಲ್ಲಿ ಅದು ದೇಶದ ಸುಮಾರು ಕಾಲು ಭಾಗ ಜನರನ್ನು ಮುಟ್ಟಿತ್ತು. ಅದು ಅಗ್ಗವಾದದ್ದು ಗುರಿ ಇಟ್ಟಿದ್ದರಿಂದಲೇ.

ಕೊನೆಯದಾಗಿ, ಆರೋಗ್ಯ, ಶಿಕ್ಷಣ, ಜೀವನಮಟ್ಟಗಳ ಕೊರತೆಯನ್ನು ಅಳೆಯುವ ನೀತಿ ಆಯೋಗದ ಬಹುಆಯಾಮ ಬಡತನ ಸೂಚ್ಯಂಕದಂತೆ 2019-21ರಲ್ಲಿ ಕರ್ನಾಟಕದ ಬಡವರು ಶೇ 7.58. ಆದರೆ ಬಡವರ ಚೀಟಿ ಇಟ್ಟುಕೊಂಡವರು ರಾಜ್ಯದ ಬಹುಪಾಲು ಜನ. ಈ ಅಂತರವನ್ನು ಹಾಗೆಯೇ ಬಿಡಬೇಕೆ?


ಯಾರ್ಕ್‌ಷೈರ್ ವಾಸಿ:

ನಾನು ದಾವಣಗೆರೆಯವನು, ಇಂಗ್ಲೆಂಡಿಗೆ ಬಂದು ಹದಿನೆಂಟು ವರ್ಷವಾಯಿತು. ಇಲ್ಲಿ ಇತ್ತೀಚೆಗೆ ನಡೆದ ಒಂದು ಪ್ರಸಂಗ ನಿಮ್ಮ ಚರ್ಚೆಗೆ ನೇರವಾಗಿ ಸಂಬಂಧಿಸಿದೆ.

ಇಲ್ಲಿ ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಪಿಂಚಣಿದಾರರಿಗೆ ಒಂದು ಸಹಾಯಧನವಿದೆ. 1997ರಲ್ಲಿ ಆರಂಭವಾದಾಗಿನಿಂದ ಅದು ಶ್ರೀಮಂತ, ಬಡವ ಎನ್ನದೆ ಎಲ್ಲ ವೃದ್ಧರಿಗೂ ಹೋಗುತ್ತಿತ್ತು. ಈಚಿನ ವರ್ಷಗಳಲ್ಲಿ ಒಂದು ಮನೆಗೆ 200 ಪೌಂಡ್, ಎಂಬತ್ತು ದಾಟಿದವರಿದ್ದರೆ 300. ಕೋಟ್ಯಧೀಶರಿಗೇಕೆ ಎಂದು 2024ರ ಜುಲೈನಲ್ಲಿ ಹೊಸ ಸರ್ಕಾರದ ಹಣಕಾಸು ಸಚಿವೆ ರೇಚಲ್ ರೀವ್ಸ್ ಅದನ್ನು ಮುಖ್ಯವಾಗಿ 'ಪೆನ್ಷನ್ ಕ್ರೆಡಿಟ್' ಎಂಬ ಬಡ ವೃದ್ಧರ ನೆರವು ಪಡೆಯುವವರಿಗೆ ಸೀಮಿತಗೊಳಿಸಿದರು. ಒಂದು ಕೋಟಿಗೂ ಹೆಚ್ಚು ಜನರಿಗೆ ಹೋಗುತ್ತಿದ್ದದ್ದು ಸುಮಾರು ಹದಿನೈದು ಲಕ್ಷ ಜನರಿಗೆ ಇಳಿಯಿತು. ಲೆಕ್ಕಿಗರ ತರ್ಕದ ಪ್ರಕಾರ ಇದು ಸರಿಯಾದ ಕ್ರಮ.

ಆದರೆ ಪೆನ್ಷನ್ ಕ್ರೆಡಿಟ್ಟಿಗೆ ಅರ್ಹರಾದವರಲ್ಲಿ ಸುಮಾರು ಮೂರನೇ ಒಂದು ಭಾಗ ಜನ ಅದಕ್ಕೆ ಅರ್ಜಿಯನ್ನೇ ಹಾಕಿರಲಿಲ್ಲ. ಆ ಅರ್ಜಿಯಲ್ಲಿ ಇನ್ನೂರಕ್ಕೂ ಹೆಚ್ಚು ಪ್ರಶ್ನೆಗಳಿದ್ದವು. ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಎಂಬತ್ತೊಂದು ವರ್ಷದ ಅಜ್ಜಿಯೊಬ್ಬರಿದ್ದಾರೆ. ಅರ್ಜಿ ತುಂಬಲು ನಾನೇ ಕುಳಿತಿದ್ದೆ. ಗಂಡ ತೀರಿಹೋದ ಮೇಲೆ ಬಂದ ಸಣ್ಣ ವಿಮಾ ಹಣ ಯಾವ ಖಾತೆಯಲ್ಲಿದೆ ಎಂಬ ಪ್ರಶ್ನೆ ಬಂದಾಗ ಅವರು ಕನ್ನಡಕ ತೆಗೆದಿಟ್ಟು, ಇಷ್ಟು ದಿನ ಯಾರನ್ನೂ ಬೇಡದೆ ಬದುಕಿದ್ದೇನೆ, ಈಗ ಬೇಡ ಎಂದುಬಿಟ್ಟರು. ಆ ಚಳಿಗಾಲ ಅವರು ಒಂದೇ ಕೋಣೆಯಲ್ಲಿ ಹೀಟರ್ ಹಾಕಿಕೊಂಡು ಕಳೆದರು. ಬಡವರೆಂದು ಸಾಬೀತುಪಡಿಸುವ ಪರೀಕ್ಷೆಯಲ್ಲಿ ಮೊದಲು ಹೊರಬೀಳುವವರು ಸುಳ್ಳು ಹೇಳುವವರಲ್ಲ, ನಾಚಿಕೆಪಡುವವರು. ಈ ಮಾತು ನಿಮ್ಮ ಊರಿಗೂ ಸಲ್ಲುತ್ತದೆ ಎಂದುಕೊಂಡಿದ್ದೇನೆ.

ಒಂದು ವರ್ಷದೊಳಗೆ ಸರ್ಕಾರ ಹಿಂದೆ ಸರಿಯಬೇಕಾಯಿತು. 2025ರ ಜೂನ್‌ನಲ್ಲಿ ಮಾಡಿದ ಹೊಸ ವ್ಯವಸ್ಥೆಯಂತೆ ಹಣ ಎಲ್ಲ ಪಿಂಚಣಿದಾರರಿಗೂ ಹೋಗುತ್ತದೆ, ಬೇಡವೆಂದು ಮೊದಲೇ ಬರೆದುಕೊಟ್ಟವರನ್ನು ಬಿಟ್ಟು. ವಾರ್ಷಿಕ ಆದಾಯ 35,000 ಪೌಂಡ್ ಮೀರಿದವರಿಂದ ಅದನ್ನು ತೆರಿಗೆಯ ಮೂಲಕ ಪೂರ್ತಿ ಹಿಂಪಡೆಯಲಾಗುತ್ತದೆ. ಪರೀಕ್ಷೆ ಇಲ್ಲಿಯೂ ಇದೆ, ಆದರೆ ಅದನ್ನು ಬರೆಯುವವರು ಉಳ್ಳವರು. ಎಂಬತ್ತೊಂದರ ಅಜ್ಜಿ ಏನನ್ನೂ ತುಂಬಬೇಕಾಗಿಲ್ಲ.

ಬ್ರೆಜಿಲ್ಲಿನ ಬಗ್ಗೆ ಲೆಕ್ಕಿಗರು ಹೇಳಿದ್ದು ಸರಿ, ಆದರೆ ಅರ್ಧ ಮಾತ್ರ. ಅಲ್ಲಿ ಕುಟುಂಬ ತನ್ನ ಆದಾಯವನ್ನು ಪುರಸಭೆಯ ನೋಂದಣಿಯಲ್ಲಿ ತಾನೇ ಘೋಷಿಸಿಕೊಳ್ಳುತ್ತದೆ. ಹೇಳಿದ್ದನ್ನು ಮೊದಲು ನಂಬಿ, ಆಮೇಲೆ ಬೇರೆ ದಾಖಲೆಗಳೊಡನೆ ತಾಳೆ ನೋಡುತ್ತಾರೆ. ಅನುಮಾನದಿಂದ ಆರಂಭಿಸುವುದಿಲ್ಲ. ಇನ್ನು ಹಿಂಪಡೆಯಲು ಭಾರತದಲ್ಲಿ ತೆರಿಗೆಯ ಜಾಲ ಸಾಲದು ಎಂಬ ಅವರ ಆಕ್ಷೇಪಕ್ಕೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ.


ಎಡದಂಡೆ ನಾಲೆ:

ನಾನು ಸಿಂಧನೂರು ಕಡೆಯವಳು, ಮಹಿಳಾ ಸ್ವಸಹಾಯ ಸಂಘಗಳ ಜೊತೆ ಕೆಲಸ ಮಾಡುತ್ತೇನೆ. ಸಹೋದರರೆಲ್ಲ ಯಾರಿಗೆ ಕೊಡಬೇಕು ಎಂಬುದನ್ನೇ ಚರ್ಚಿಸುತ್ತಿದ್ದೀರಿ. ಕೊಟ್ಟದ್ದು ಮುಟ್ಟುವ ಬಗೆಯನ್ನೂ ಸ್ವಲ್ಪ ನೋಡೋಣ.

2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದಾಗ ನಮ್ಮ ಸಂಘದ ಹೆಂಗಸರಿಗೆ ಅತ್ಯಂತ ಇಷ್ಟವಾದದ್ದು ಉಚಿತ ಎಂಬುದಕ್ಕಿಂತ ಹೆಚ್ಚಾಗಿ, ಯಾವ ಅರ್ಜಿಯೂ ಇಲ್ಲ ಎಂಬುದು. ಆಧಾರ್ ತೋರಿಸಿದರೆ ನಿರ್ವಾಹಕ ಶೂನ್ಯ ಟಿಕೆಟ್ ಹರಿದುಕೊಡುತ್ತಾನೆ. ನಾಡಕಚೇರಿ ಇಲ್ಲ, ಆದಾಯ ಪ್ರಮಾಣಪತ್ರ ಇಲ್ಲ, ಮಧ್ಯದಲ್ಲಿ ಕೈ ಚಾಚುವವರಿಲ್ಲ. ಲಕ್ಷಾಧೀಶರ ಮನೆಯ ಹೆಂಗಸರೂ ಹತ್ತಬಹುದಲ್ಲ ಎಂದರೆ ಹತ್ತಲಿ. ಅವರು ಕೆಂಪು ಬಸ್ಸಿನಲ್ಲಿ ಮೆಣಸಿನಕಾಯಿ ಚೀಲದ ಪಕ್ಕ ನಿಂತು ಬರುವುದು ಅಪರೂಪ. ಕೆಲವು ಸವಲತ್ತುಗಳು ತಮ್ಮ ಸ್ವರೂಪದಿಂದಲೇ ಉಳ್ಳವರನ್ನು ದೂರವಿಡುತ್ತವೆ. ಆದರೆ ಬಸ್ಸೇ ದಿನಕ್ಕೆ ಎರಡು ಬಾರಿ ಬರುವ ಊರಿನ ಹೆಂಗಸಿಗೂ ಹತ್ತು ನಿಮಿಷಕ್ಕೊಂದು ಬಸ್ಸಿರುವ ಬೆಂಗಳೂರಿನ ಹೆಂಗಸಿಗೂ ಈ ಸವಲತ್ತು ಕಾಗದದ ಮೇಲೆ ಮಾತ್ರ ಸಮಾನ. ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ಪಟ್ಟಿ ಮಾಡಿತು. ಆ 39ರ ದೊಡ್ಡ ಪಾಲು ನಮ್ಮ ಕಲಬುರಗಿ ವಿಭಾಗದ್ದು. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371 (ಜೆ) ವಿಧಿ ಬಂದ ಮೇಲೂ ನಮ್ಮಲ್ಲಿ ಹೆರಿಗೆಗೆ ಹೊರಟವರು ವಾಹನಕ್ಕಾಗಿ ರಸ್ತೆಯ ಬದಿಯಲ್ಲಿ ಕಾಯುವುದು ತಪ್ಪಿಲ್ಲ. ಲೆಕ್ಕಿಗ ಸಹೋದರರು ಅಂಗನವಾಡಿಯ ಸೂರಿನ ಮಾತು ಎತ್ತಿದ್ದಕ್ಕೆ ನನ್ನ ಸಹಮತವಿದೆ. ಆದರೆ ಗ್ಯಾರಂಟಿಗಳಿಗಿಂತ ಮುಂಚೆಯೂ ಆ ಸೂರು ನಮ್ಮ ಕಡೆ ಬಂದಿರಲಿಲ್ಲ ಎಂಬುದನ್ನು ಅವರು ಗಮನಿಸಬೇಕು.

ಪರೀಕ್ಷೆಯ ಕ್ರೌರ್ಯ ಎಷ್ಟೆಂದು ತಿಳಿಯಬೇಕಾದರೆ ಪಿಂಚಣಿಯನ್ನು ನೋಡಿ. ವಿಧವಾ ವೇತನ ತಿಂಗಳಿಗೆ 800 ರೂಪಾಯಿ. ಸಾಮಾಜಿಕ ಭದ್ರತಾ ಪಿಂಚಣಿಗೆ ವಾರ್ಷಿಕ ಆದಾಯದ ಮಿತಿ 32,000, ಅಂದರೆ ದಿನಕ್ಕೆ 88 ರೂಪಾಯಿ. ಹತ್ತಿ ಬಿಡಿಸಲು ಹೋದರೆ ಅರ್ಧ ಹೊತ್ತಿಗೇ ಅಷ್ಟು ಆಗುತ್ತದೆ. ಹಿರಿಯ ನಿರೀಕ್ಷಕರು ಹೇಳಿದ ಸುಳ್ಳಿನ ಸಂಪ್ರದಾಯ ಇಲ್ಲಿ ಇನ್ನೂ ಗಟ್ಟಿ. ಕೇಂದ್ರ ಸರ್ಕಾರ ಅರವತ್ತರಿಂದ ಎಪ್ಪತ್ತೊಂಬತ್ತು ವರ್ಷದವರ ವೃದ್ಧಾಪ್ಯ ವೇತನಕ್ಕೆ ಕೊಡುವ ಪಾಲು 200 ರೂಪಾಯಿ, 2007ರಿಂದ ಒಂದು ರೂಪಾಯಿಯೂ ಏರಿಲ್ಲ. ಮೇಲ್ಜಾತಿಗಳ ಆರ್ಥಿಕ ದುರ್ಬಲರ ಮೀಸಲಾತಿಗೆ ಇದೇ ದೇಶ 2019ರಲ್ಲಿ ಗೊತ್ತುಮಾಡಿದ ಮಿತಿ ವರ್ಷಕ್ಕೆ 8 ಲಕ್ಷ. ಒಬ್ಬ ವಿಧವೆ 32,000 ದಾಟಿದರೆ ಬಡವಳಲ್ಲ, ಒಂದು ಕುಟುಂಬ 1,20,000 ದಾಟಿದರೆ ಅಕ್ಕಿಯ ಮಟ್ಟಿಗೆ ಬಡ ಕುಟುಂಬವಲ್ಲ, ಇನ್ನೊಂದು ಕುಟುಂಬ 7,90,000 ದುಡಿದರೂ ದುರ್ಬಲ. ಈ ಮೂರು ಗೆರೆಗಳನ್ನು ಎಳೆದ ಕೈಗಳು ಯಾರ ಮುಖ ನೋಡಿ ಎಳೆದವು ಎಂದು ಉಪನ್ಯಾಸಕರು ತರಗತಿಯಲ್ಲಿ ಕೇಳಬಹುದು.

ಬೆರಳಿನ ಗುರುತಿನ ವಿಷಯವನ್ನೂ ಹೇಳಬೇಕು. ಭತ್ತ ನಾಟಿಯ ತಿಂಗಳಲ್ಲಿ ನಮ್ಮ ಹೆಂಗಸರ ಬೆರಳ ತುದಿ ನೀರಿನಲ್ಲಿ ನೆನೆದು ಸುಲಿದಿರುತ್ತದೆ, ಯಂತ್ರ ಹಿಡಿಯುವುದಿಲ್ಲ. ನ್ಯಾಯಬೆಲೆ ಅಂಗಡಿಯ ಮುಂದೆ ಕೊಬ್ಬರಿ ಎಣ್ಣೆಯ ಪುಟ್ಟ ಬಾಟಲಿ ಇಟ್ಟಿರುತ್ತಾರೆ, ಸಾಲಿನಲ್ಲಿ ನಿಂತವರು ಒಬ್ಬೊಬ್ಬರೇ ಬೆರಳಿಗೆ ತಿಕ್ಕಿಕೊಂಡು, ಸೀರೆಯ ಸೆರಗಿಗೆ ಒರೆಸಿಕೊಂಡು ಮತ್ತೆ ಒತ್ತುತ್ತಾರೆ.


ಹಳೇ ನಿರೀಕ್ಷಕ:

ಲೆಕ್ಕಿಗರ ಒಂದು ಅಂಕಿಯ ಬಗ್ಗೆ ಸ್ಪಷ್ಟನೆ ಅಗತ್ಯ. ಶೇ 7.58 ಮತ್ತು ಚೀಟಿದಾರರ ಸಂಖ್ಯೆಯನ್ನು ಪಕ್ಕಪಕ್ಕ ಇಡುವುದು ಸರಿಯಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಬಂದ ಮೇಲೆ ಬಿಪಿಎಲ್ ಎಂಬ ಪದವೇ ಕಾನೂನಿನಲ್ಲಿ ಉಳಿದಿಲ್ಲ. ಇರುವುದು ಅಂತ್ಯೋದಯ ಮತ್ತು ಆದ್ಯತಾ ಕುಟುಂಬ. ದೇಶದ ಹಳ್ಳಿಗಳಲ್ಲಿ ಶೇ 75, ಪಟ್ಟಣಗಳಲ್ಲಿ ಶೇ 50ರವರೆಗೆ ಜನರಿಗೆ ಕೊಡಬೇಕೆಂದು ಸಂಸತ್ತೇ ತೀರ್ಮಾನಿಸಿತು. ಆ ಕಾಯ್ದೆ ಮೂರನೇ ಎರಡು ಭಾಗ ಜನರನ್ನು ಉದ್ದೇಶಿಸಿದ್ದು, ಕಡುಬಡವರನ್ನು ಮಾತ್ರವಲ್ಲ. ಹಳೆಯ ಹೆಸರು ಜನರ ಬಾಯಲ್ಲೂ ಅಧಿಕಾರಿಗಳ ತಲೆಯಲ್ಲೂ ಉಳಿದದ್ದರಿಂದ, ಹಕ್ಕಾಗಿ ಬಂದದ್ದನ್ನು ಇಂದಿಗೂ ದಾನದಂತೆ ತೂಗುತ್ತಿದ್ದೇವೆ. ಇನ್ನು ರಾಜ್ಯದ ಪಾಲು ಸುಮಾರು 4 ಕೋಟಿ ಜನರೆಂದು ಗೊತ್ತಾದದ್ದು 2011ರ ಜನಗಣತಿಯ ಮೇಲೆ. 2021ರ ಗಣತಿ ಸಮಯಕ್ಕೆ ನಡೆಯದ್ದರಿಂದ ಆ ಸಂಖ್ಯೆ ಅಲ್ಲೇ ನಿಂತಿದೆ. ಹೊಸದಾಗಿ ಮದುವೆಯಾದವರಿಗೆ ಚೀಟಿ ಕೊಡಬೇಕಾದರೆ ಕೇಂದ್ರದ ಪಾಲಿನೊಳಗೆ ಯಾರದ್ದಾದರೂ ತೆಗೆಯಬೇಕು, ಇಲ್ಲವೇ ರಾಜ್ಯ ತನ್ನ ಖರ್ಚಿನಲ್ಲಿ ಕೊಡಬೇಕು. ಅನರ್ಹರ ಬೇಟೆ ಆಗಾಗ ಏಕೆ ಬಿರುಸಾಗುತ್ತದೆ ಎಂಬುದಕ್ಕೆ ಇದೂ ಒಂದು ಕಾರಣ.


ಲೆಕ್ಕಿಗ:

ಹೋಲಿಕೆಯ ತಪ್ಪನ್ನು ಒಪ್ಪುತ್ತೇನೆ. 32,000ದ ಮಿತಿಯನ್ನು ನಾನು ತಿಳಿದಿರಲಿಲ್ಲ, ಅದು ಸಮರ್ಥನೀಯವಲ್ಲ. ಆದರೂ ಅಕ್ಕಿ, ಪಿಂಚಣಿ, ಆಸ್ಪತ್ರೆ ಇವುಗಳಿಗೆ ಪರೀಕ್ಷೆ ಬೇಡ ಎನ್ನುವುದಾದರೆ ಗೃಹಜ್ಯೋತಿಯಂಥದಕ್ಕೆ ಬೇಕು ಎಂಬ ನನ್ನ ನಿಲುವಿನಲ್ಲಿ ಬದಲಾವಣೆ ಇಲ್ಲ. ಮೀಟರಿನಲ್ಲಿ ಬಳಕೆ ಕಾಣುತ್ತದೆ, ಯಾರ ಮನೆಗೂ ಹೋಗಿ ಒಲೆ ನೋಡಬೇಕಾಗಿಲ್ಲ. 200ನ್ನು 75ಕ್ಕೆ ಇಳಿಸಿ, ಉಳಿದ ಹಣದಲ್ಲಿ ಆ 800ನ್ನು 2,000 ಮಾಡಿ ಎಂದು ಯಾವ ಪಕ್ಷವಾದರೂ ಹೇಳಿದರೆ ನಾನು ಮತ ಹಾಕಲು ಸಿದ್ಧ. ಹೇಳುವವರು ಕಾಣುತ್ತಿಲ್ಲ.

ಒಂದು ವೃತ್ತಿಪರ ಸಲಹೆ: ಆ ಹುಡುಗ ಮುಂದೆ ಸೈಬರ್ ಅಂಗಡಿಯಲ್ಲಿ ರಿಟರ್ನ್ ಹಾಕಿಸಬಾರದು. ಸಾಲ ಸಿಗಲೆಂದು ಏರಿಸಿದ ಆದಾಯ ಮುಂದೆ ಎಲ್ಲ ಕಡೆಗೂ ಹಿಂಬಾಲಿಸುತ್ತದೆ.


ಬೇವಿನಮರ:

ಎಲ್ಲರಿಗೂ ಕೃತಜ್ಞತೆಗಳು. ಮೂರು ಗೆರೆಗಳ ಪ್ರಶ್ನೆಯನ್ನು ನಿನ್ನೆ ದ್ವಿತೀಯ ಪಿಯುಸಿ ತರಗತಿಯಲ್ಲಿ ಕೇಳಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಸರ್, ನಮ್ಮ ಮನೆಯಲ್ಲಿ ಅಜ್ಜಿಗೆ ಒಂದು ಆದಾಯ, ಅಪ್ಪನಿಗೆ ಒಂದು ಆದಾಯ, ನನ್ನ ಸ್ಕಾಲರ್‌ಶಿಪ್ಪಿಗೆ ಇನ್ನೊಂದು ಆದಾಯ, ಮೂರೂ ಸರ್ಟಿಫಿಕೇಟು ಒಂದೇ ಫೈಲಿನಲ್ಲಿವೆ" ಎಂದಳು. ತರಗತಿ ನಕ್ಕಿತು. ನಾನು ಪಾಠ ಮುಂದುವರಿಸಲು ಸ್ವಲ್ಪ ಹೊತ್ತು ಹಿಡಿಯಿತು.

ಎದುರು ಮನೆಯ ವಿಷಯದಲ್ಲಿ ಒಂದು ಹೊಸ ಬೆಳವಣಿಗೆ ಇದೆ, ಅದಕ್ಕೆ ಹಿರಿಯರ ಸಲಹೆ ಬೇಕು. ಯಾರೋ ಅವರಿಗೆ ಮಗನ ಚೀಟಿಯನ್ನು ಬೇರೆ ಮಾಡಿಸಿ, ತಾಯಿ ಒಬ್ಬಂಟಿ ವಿಧವೆಯೆಂದು ಹೊಸ ಅರ್ಜಿ ಹಾಕಿ ಎಂದು ಹೇಳಿಕೊಟ್ಟಿದ್ದಾರೆ. ಒಂದೇ ಅಡುಗೆಮನೆಯಲ್ಲಿ ಉಣ್ಣುವವರು ಕಾಗದದ ಮೇಲೆ ಎರಡು ಮನೆಯಾಗಬೇಕು. ಮಗನಿಗೆ ಅದು ಇಷ್ಟವಿಲ್ಲ, ಅಮ್ಮನನ್ನು ಹೊರಗೆ ಹಾಕಿದ ಹಾಗಾಗುತ್ತದೆ ಎನ್ನುತ್ತಾನೆ. ತಾಯಿ ಮಾತ್ರ ಹಾಗೇ ಮಾಡೋಣ ಎನ್ನುತ್ತಿದ್ದಾರೆ. ಮೊಮ್ಮಗಳ ಹೆಸರು ಯಾರ ಚೀಟಿಯಲ್ಲಿ ಇದ್ದರೆ ಮಗುವಿಗೆ ಆಸ್ಪತ್ರೆ ಸಿಗುತ್ತದೆ ಎಂಬುದಷ್ಟೇ ಅವರ ಪ್ರಶ್ನೆ. ನನಗೆ ಉತ್ತರ ಗೊತ್ತಿರಲಿಲ್ಲ.


ಹಳೇ ನಿರೀಕ್ಷಕ:

ಈಗಲೇ ಬೇರೆ ಮಾಡಿಸಬೇಡಿ. ಒಮ್ಮೆ ಒಡೆದ ಚೀಟಿಯನ್ನು ಮತ್ತೆ ಕೂಡಿಸುವುದು ಬಹಳ ಕಷ್ಟ, ಮತ್ತು ತಾಯಿ ಒಬ್ಬಂಟಿ ಎಂದು ಬರೆದುಕೊಟ್ಟ ಕಾಗದ ಮುಂದೆ ಬೇರೆ ಕಡೆ ತೊಡಕಾಗಬಹುದು. ಮೊದಲು ಚೀಟಿ ಬದಲಾದದ್ದಕ್ಕೆ ಕಾರಣ ತಿಳಿಸಿ ಲಿಖಿತ ಆದೇಶ ಕೊಡಿ ಎಂದು ಅರ್ಜಿ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಜೊತೆಗೆ ಎರಡು ವರ್ಷದ ರಿಟರ್ನ್‌ಗಳ ಪ್ರತಿ, ಪಾವತಿಸಬೇಕಾದ ತೆರಿಗೆ ಸೊನ್ನೆ ಎಂದಿರುವ ಪುಟ, ಸಾಲದ ಕಂತಿನ ಪಟ್ಟಿ, ವಾಹನದ ಪರವಾನಗಿ ಇಡಿ. ಅಲ್ಲಿ ಕೆಲಸವಾಗದಿದ್ದರೆ ಆಹಾರ ಭದ್ರತಾ ಕಾಯ್ದೆಯಡಿ ಪ್ರತಿ ಜಿಲ್ಲೆಯಲ್ಲೂ ಕುಂದುಕೊರತೆ ನಿವಾರಣಾಧಿಕಾರಿ ಇರಬೇಕು, ಅವರ ಮೇಲೆ ರಾಜ್ಯ ಆಹಾರ ಆಯೋಗವಿದೆ. ಆದಾಯದ ಅಂಕಿಯೇ ಮಿತಿಗಿಂತ ಮೇಲಿರುವುದರಿಂದ ಗೆಲ್ಲುತ್ತೀರಿ ಎಂದು ಭರವಸೆ ಕೊಡಲಾರೆ. ಆದರೆ ಕಾರಣ ಹೇಳದೆ, ಒಂದು ನೋಟಿಸೂ ಕೊಡದೆ ತೆಗೆದದ್ದನ್ನು ಪ್ರಶ್ನಿಸಬಹುದು.

ತಾಯಿಯನ್ನೇ ಜೊತೆಗೆ ಕರೆದುಕೊಂಡು ಹೋಗಿ. ಮಂಗಳವಾರ ಹೂವಿನ ವ್ಯಾಪಾರ ಜೋರಿರುತ್ತದೆ, ಬುಧವಾರ ಹೋಗುವುದು ಒಳ್ಳೆಯದು.